ಕೋಡ್ ಸಾಲು ಮುರಿಯದಂತೆ: ತಂತ್ರಾಂಶದ ಕೈಪಿಡಿಯನ್ನು ಅಚ್ಚಿಗೆ ಸಿದ್ಧಪಡಿಸುವ ಬಗೆ

ತಂತ್ರಾಂಶವೊಂದರ ಕೈಪಿಡಿಯನ್ನು ಅಚ್ಚಿಗೆ ಸಿದ್ಧಪಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಚರ್ಚಿಸುವುದು ಫಾಂಟಿನ ಬಗ್ಗೆ, ಮುಖಪುಟದ ಬಗ್ಗೆ, ಹೆಚ್ಚೆಂದರೆ ಪುಟದ ಅಂಚಿನ ಬಗ್ಗೆ. ಇವೆಲ್ಲವೂ ಬೇಕಾದವೇ. ಆದರೆ ಇಂಥ ಪುಸ್ತಕದಲ್ಲಿ ಉಳಿದ ನಿರ್ಧಾರಗಳನ್ನೆಲ್ಲ ತನ್ನ ಹಿಂದೆ ಎಳೆದುಕೊಂಡು ಹೋಗುವ ಅಳತೆ ಬೇರೊಂದಿದೆ. ಅದು ಪುಸ್ತಕದಲ್ಲಿ ಬರುವ ಅತ್ಯಂತ ಉದ್ದವಾದ ಕೋಡ್ ಸಾಲಿನ ಅಗಲ. ಗದ್ಯದ ವಾಕ್ಯವನ್ನು ಯಾವ ಪದದ ಬಳಿ ಮುರಿದು ಮುಂದಿನ ಸಾಲಿಗೆ ಇಳಿಸಿದರೂ ಅರ್ಥ ಕೆಡುವುದಿಲ್ಲ. ಕೋಡಿಗೆ ಆ ಸ್ವಾತಂತ್ರ್ಯವಿಲ್ಲ. ಪೈಥಾನ್ ಭಾಷೆಯಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಅರ್ಥವಿದೆ. ಗಣಕಕ್ಕೆ ಅಕ್ಷರಗಳಲ್ಲಿ ಒತ್ತಿ ಕೊಡುವ ಶೆಲ್ ಆಜ್ಞೆಯೊಂದನ್ನು ನಡುವೆ ತುಂಡರಿಸಿದರೆ ಗಣಕವು ಅದನ್ನು ಎರಡು ಆಜ್ಞೆಗಳೆಂದೇ ಓದಿಕೊಳ್ಳುತ್ತದೆ. ಅಕ್ಷರ ಜೋಡಣೆಯ ಉಪಕರಣಗಳು ಹುಟ್ಟಿದ್ದೇ ಸಾಲುಗಳನ್ನು ಅಂದವಾಗಿ ಮುರಿಯುವುದಕ್ಕೆ. ತಂತ್ರಾಂಶದ ಕೈಪಿಡಿಯಾದರೋ ಹಲವೆಡೆ ಮುರಿಯಬೇಡಿ, ಮುಟ್ಟಬೇಡಿ ಎನ್ನುತ್ತದೆ. ಮುದ್ರಣ ಸಿದ್ಧತೆಯ ಬಹುಪಾಲು ಕೆಲಸ ಈ ಎಳೆದಾಟದಿಂದಲೇ ಹುಟ್ಟಿಕೊಂಡದ್ದು.

ತೆರೆಯ ಮೇಲೆ ಓದುವಾಗ ಈ ತೊಂದರೆ ಅಷ್ಟಾಗಿ ಕಾಣಿಸುವುದಿಲ್ಲ. ಸಾಲು ಉದ್ದವಾದರೆ ಓದುಗರು ಅದನ್ನು ಪಕ್ಕಕ್ಕೆ ಸರಿಸಿ ನೋಡುತ್ತಾರೆ, ಕೋಡ್ ಬೇಕಾದರೆ ನಕಲು ಮಾಡಿ ಅಂಟಿಸಿಕೊಳ್ಳುತ್ತಾರೆ, ತಪ್ಪಿದ್ದರೆ ಲೇಖಕರು ಅದೇ ಸಂಜೆ ತಿದ್ದುತ್ತಾರೆ. ಕಾಗದದ ಮೇಲೆ ಈ ಮೂರೂ ಇಲ್ಲ. ಪುಸ್ತಕವನ್ನು ಕೀಲಿಮಣೆಯ ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ನೋಡಿ ಒತ್ತುವ ಓದುಗರಿಗೆ, ಅಚ್ಚಾದದ್ದೇ ಅಂತಿಮ. ಸೊನ್ನೆಯೂ ಇಂಗ್ಲಿಷಿನ ಓ ಅಕ್ಷರವೂ ಒಂದೇ ರೀತಿ ಕಂಡರೆ ಅವರ ಅರ್ಧ ಗಂಟೆ ವ್ಯರ್ಥವಾಯಿತೆಂದೇ ಲೆಕ್ಕ.

ಪುಟದ ಅಳತೆಯ ಲೆಕ್ಕ

ಕೋಡನ್ನು ಸಮಾನ ಅಗಲದ ಫಾಂಟಿನಲ್ಲಿ ಜೋಡಿಸುವುದು ರೂಢಿ. ಅಂಥ ಫಾಂಟಿನಲ್ಲಿ ಪ್ರತಿ ಅಕ್ಷರವೂ, ಚುಕ್ಕೆಯಾಗಲಿ ದೊಡ್ಡಕ್ಷರವಾಗಲಿ, ಅಷ್ಟೇ ಜಾಗವನ್ನು ಹಿಡಿಯುತ್ತದೆ. ಆದ್ದರಿಂದ ಒಂದು ಸಾಲಿನಲ್ಲಿ ಎಷ್ಟು ಅಕ್ಷರಗಳು ಹಿಡಿಸುತ್ತವೆ ಎಂಬುದನ್ನು ಜೋಡಣೆ ಆರಂಭಿಸುವ ಮೊದಲೇ ಲೆಕ್ಕ ಹಾಕಬಹುದು. ಕೊರಿಯರ್ ಫಾಂಟಿನ ಪ್ರತಿ ಅಕ್ಷರದ ಅಗಲ ಅದರ ಗಾತ್ರದ 0.6ರಷ್ಟು. ಅಂದರೆ 9 ಪಾಯಿಂಟ್ ಗಾತ್ರದಲ್ಲಿ ಒಂದು ಅಕ್ಷರಕ್ಕೆ 5.4 ಪಾಯಿಂಟ್ ಬೇಕು, 80 ಅಕ್ಷರಗಳ ಸಾಲಿಗೆ 432 ಪಾಯಿಂಟ್ ಬೇಕು. ಇಂದು ಗಣಕದ ಲೆಕ್ಕದಲ್ಲಿ ಇಂಚಿಗೆ 72 ಪಾಯಿಂಟ್ ಆದ್ದರಿಂದ ಇದು ಸರಿಯಾಗಿ 6 ಇಂಚು, ಅಂದರೆ 152.4 ಮಿಲಿಮೀಟರ್. ಎ5 ಹಾಳೆಯ ಅಗಲವೇ 148 ಮಿಲಿಮೀಟರ್! ಅಂಚುಗಳ ಮಾತು ಹಾಗಿರಲಿ, ಇಡೀ ಹಾಳೆಯನ್ನೇ ಬಿಟ್ಟುಕೊಟ್ಟರೂ ಆ ಸಾಲು ಅದರಲ್ಲಿ ಹಿಡಿಸುವುದಿಲ್ಲ.

ಈಗ ಬಿ5 ಗಾತ್ರವನ್ನು ತೆಗೆದುಕೊಳ್ಳೋಣ. ಅದರ ಅಗಲ 176 ಮಿಲಿಮೀಟರ್. ಹೊಲಿಗೆಯ ಕಡೆಗೆ 24, ಹೊರಗಡೆಗೆ 21 ಮಿಲಿಮೀಟರ್ ಅಂಚು ಬಿಟ್ಟರೆ ಅಕ್ಷರಗಳಿಗೆ ಉಳಿಯುವುದು 131 ಮಿಲಿಮೀಟರ್, ಅಂದರೆ ಸುಮಾರು 371 ಪಾಯಿಂಟ್. ಅದೇ 9 ಪಾಯಿಂಟಿನ ಕೊರಿಯರ್ ಇಲ್ಲಿ ಸಾಲಿಗೆ 68 ಅಕ್ಷರಗಳನ್ನಷ್ಟೇ ಹಿಡಿಸುತ್ತದೆ. ಆದರೆ ಇನ್‌ಕನ್ಸೊಲಾಟದಂಥ ಕಿರಿದಾದ ಫಾಂಟಿನಲ್ಲಿ ಅಕ್ಷರದ ಅಗಲ ಗಾತ್ರದ ಅರ್ಧದಷ್ಟು ಮಾತ್ರ. ಅದರಲ್ಲಿ 9 ಪಾಯಿಂಟಿಗೇ 82 ಅಕ್ಷರಗಳು ಹಿಡಿಸುತ್ತವೆ. ಗಾತ್ರವನ್ನು ಕುಗ್ಗಿಸಿ ಕಣ್ಣಿಗೆ ಶ್ರಮ ಕೊಡುವ ಬದಲು ಕಿರಿದಾದ ಫಾಂಟನ್ನು ಆರಿಸಿಕೊಳ್ಳುವುದು ಮೇಲು ಎಂದು ನಾನು ಹೇಳುವುದು ಈ ಲೆಕ್ಕದ ಬಲದಿಂದಲೇ. ಆಯ್ಕೆ ಮಾಡುವಾಗ ಸೊನ್ನೆಯ ಒಳಗೆ ಗೆರೆಯೋ ಚುಕ್ಕೆಯೋ ಇದೆಯೇ, ಒಂದು ಎಂಬ ಅಂಕಿ ಮತ್ತು ಇಂಗ್ಲಿಷಿನ ಎಲ್ ಅಕ್ಷರದ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವಿದೆಯೇ ಎಂಬುದನ್ನು ಅಚ್ಚಿನ ಗಾತ್ರದಲ್ಲಿಯೇ, ಕಾಗದದ ಮೇಲೆಯೇ ನೋಡಬೇಕು.

80 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದರೆ, ಅದು ಐಬಿಎಂ ಕಂಪನಿ 1928ರಲ್ಲಿ ಹೊರತಂದ 80 ಕಂಬಸಾಲುಗಳ ರಂಧ್ರಪತ್ರದಿಂದ (ರಂಧ್ರ ಕೊರೆದು ಯಂತ್ರಕ್ಕೆ ಮಾಹಿತಿ ಕೊಡುತ್ತಿದ್ದ ಕಾರ್ಡಿನಿಂದ) ಬಂದ ಬಳುವಳಿ. ಟರ್ಮಿನಲ್‌ಗಳು ಅದನ್ನೇ ಉಳಿಸಿಕೊಂಡವು. ಪೈಥಾನಿನ ಅಧಿಕೃತ ಶೈಲಿ ಸೂಚಿ ಇಂದಿಗೂ ಸಾಲಿಗೆ 79 ಅಕ್ಷರಗಳ ಮಿತಿಯನ್ನೇ ಹೇಳುತ್ತದೆ. ಅಗಲ ತೆರೆಗಳಿಗೆ ಒಗ್ಗಿದ ತಂಡಗಳು 100, 120 ಅಕ್ಷರಗಳವರೆಗೆ ಹೋಗಿವೆ. ಅಂಥ ತಂಡದ ಕೋಡನ್ನು ಪುಸ್ತಕಕ್ಕೆ ತರುವಾಗ ಹಾಳೆಯನ್ನು ಹಿಗ್ಗಿಸುವುದಕ್ಕಿಂತ ಕೋಡನ್ನೇ ಮರುರೂಪಿಸುವುದು ಒಳ್ಳೆಯದು.

ಅಗಲವಾದ ಪುಟ ಇನ್ನೊಂದು ತೊಡಕನ್ನು ತರುತ್ತದೆ. 131 ಮಿಲಿಮೀಟರ್ ಉದ್ದದ ಸಾಲು ಕೋಡಿಗೆ ಹಿತ, ಗದ್ಯಕ್ಕೆ ಉದ್ದವಾಯಿತು; ಸಾಲಿನ ತುದಿ ಮುಟ್ಟಿದ ಕಣ್ಣು ಮುಂದಿನ ಸಾಲಿನ ಆರಂಭವನ್ನು ಹುಡುಕಿಕೊಂಡು ಹಿಂದಿರುಗುವಾಗ ದಾರಿ ತಪ್ಪುತ್ತದೆ. ಇದಕ್ಕೆ ಹಳೆಯ ಕೈಪಿಡಿಗಳು ಕಂಡುಕೊಂಡ ಉಪಾಯ ಈಗಲೂ ಒಳ್ಳೆಯದೇ: ಗದ್ಯವನ್ನು ಎಡಗಡೆಯಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಸರಿಸಿ, ಶೀರ್ಷಿಕೆಗಳನ್ನೂ ಉದ್ದದ ಕೋಡನ್ನೂ ಮಾತ್ರ ಪೂರ್ಣ ಅಗಲಕ್ಕೆ ಬಿಡುವುದು. ಪುಟ ತಿರುವಿ ಹಾಕುವವರಿಗೆ ಶೀರ್ಷಿಕೆಗಳು ಹೊರಗೆ ಎದ್ದು ಕಾಣುತ್ತವೆ ಎಂಬುದು ಜೊತೆಗೆ ಸಿಗುವ ಲಾಭ.

ಪ್ರೋಗ್ರಾಮರ್‌ಗಳೇ ಮಾಡಿಕೊಂಡ ಉಪಕರಣಗಳು

ಅಕ್ಷರ ಜೋಡಣೆಗೂ ತಂತ್ರಾಂಶಕ್ಕೂ ಇರುವ ನಂಟು ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುತ್ತಿದ್ದವರಿಗೆ ಪಿಡಿಪಿ-11 ಯಂತ್ರ ದಕ್ಕಿದ್ದು, ಅಲ್ಲಿನ ಪೇಟೆಂಟ್ ವಿಭಾಗಕ್ಕೆ ಪಠ್ಯ ಸಿದ್ಧಪಡಿಸುವ ವ್ಯವಸ್ಥೆಯನ್ನು ಮಾಡಿಕೊಡುತ್ತೇವೆ ಎಂಬ ಮಾತಿನ ಮೇಲೆ. ಅಲ್ಲಿಯ ಜೋ ಒಸ್ಸಾನ 1973ರ ಹೊತ್ತಿಗೆ ಫೋಟೊಟೈಪ್‌ಸೆಟರ್ ಯಂತ್ರವನ್ನು, ಅಂದರೆ ಬೆಳಕಿನಿಂದ ಅಕ್ಷರ ಮೂಡಿಸುವ ಜೋಡಣಾ ಯಂತ್ರವನ್ನು, ನಡೆಸಲು ಟ್ರಾಫ್ ಎಂಬ ತಂತ್ರಾಂಶವನ್ನು ಬರೆದರು. ಕರ್ನಿಹನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಸಿ ಭಾಷೆಯ ಪುಸ್ತಕವನ್ನು ಲೇಖಕರೇ ಯುನಿಕ್ಸ್ ಯಂತ್ರದ ಮೇಲೆ ಜೋಡಿಸಿದರು. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿನ ಉದಾಹರಣೆಗಳನ್ನೆಲ್ಲ ಪುಸ್ತಕದ ಪಠ್ಯದಿಂದಲೇ ನೇರವಾಗಿ ತೆಗೆದು ಪರೀಕ್ಷಿಸಲಾಗಿತ್ತು. ಈ ಎರಡನೆಯ ಸಂಗತಿಗೆ ಮತ್ತೆ ಬರಲಿದ್ದೇನೆ.

ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು ತಮ್ಮ ಪುಸ್ತಕವೊಂದರ ಹೊಸ ಆವೃತ್ತಿಯ ಕರಡಚ್ಚಿನ ಗುಣಮಟ್ಟಕ್ಕೆ ಬೇಸತ್ತು 1977ರಲ್ಲಿ ಟೆಕ್ ಉಪಕರಣವನ್ನು ರೂಪಿಸಲು ತೊಡಗಿದರು. ಟೆಕ್ ಒಂದೊಂದೇ ಸಾಲನ್ನು ತುಂಬಿಸುತ್ತ ಹೋಗುವುದಿಲ್ಲ. ಇಡೀ ಪ್ಯಾರಾವನ್ನು ಒಟ್ಟಾಗಿ ನೋಡಿ, ಎಲ್ಲೆಲ್ಲಿ ಮುರಿದರೆ ಪದಗಳ ನಡುವಿನ ಜಾಗ ಒಟ್ಟಿನಲ್ಲಿ ಹೆಚ್ಚು ಸಮನಾಗುತ್ತದೆ ಎಂದು ತೂಗಿ ನಿರ್ಧರಿಸುತ್ತದೆ. ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಅದರ ಮೇಲೆ ಕಟ್ಟಿದ ಲೇಟೆಕ್‌ನಲ್ಲಿ ಲೇಖಕರು ಇದು ಅಧ್ಯಾಯದ ಶೀರ್ಷಿಕೆ, ಇದು ಕೋಡ್, ಇದು ಅಡಿಟಿಪ್ಪಣಿ ಎಂದು ಗುರುತು ಹಾಕಿದರೆ ಸಾಕು, ರೂಪವನ್ನು ಶೈಲಿಯ ಕಡತ ನೋಡಿಕೊಳ್ಳುತ್ತದೆ.

ಇಂದು ಹೆಚ್ಚಿನ ಲೇಖಕರು ನೇರವಾಗಿ ಲೇಟೆಕ್ ಬರೆಯುವುದಿಲ್ಲ. ಮಾರ್ಕ್‌ಡೌನ್, ಆಸ್ಕಿಡಾಕ್, ಡಾಕ್‌ಬುಕ್ ಅಥವಾ ಸ್ಫಿಂಕ್ಸ್ ಬಳಸುವ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ, ಪಠ್ಯದಲ್ಲೇ ಗುರುತು ಹಾಕುವ ರೂಪಗಳಲ್ಲಿ ಬರೆಯುತ್ತಾರೆ. ಒಂದೇ ಮೂಲದಿಂದ ಜಾಲತಾಣಕ್ಕೂ ಅಚ್ಚಿಗೂ ಪ್ರತಿ ಹೊರಡುತ್ತದೆ. ಪ್ಯಾನ್‌ಡಾಕ್, ಸ್ಫಿಂಕ್ಸ್ ಮೊದಲಾದ ಪರಿವರ್ತಕ ತಂತ್ರಾಂಶಗಳು ಪಿಡಿಎಫ್ ಮಾಡುವಾಗ ಒಳಗೆ ಲೇಟೆಕ್ಕನ್ನೇ ಕರೆಯುವುದು ಸಾಮಾನ್ಯ. ಸಿಎಸ್‌ಎಸ್ ಎಂಬ ವಿನ್ಯಾಸ ನಿಯಮಗಳ ಮೂಲಕ ಜಾಲತಾಣದ ಎಚ್‌ಟಿಎಂಎಲ್ ಪುಟವನ್ನೇ ಅಚ್ಚಿನ ಪುಟವಾಗಿಸುವ ವೀಸಿಪ್ರಿಂಟ್, ಪ್ರಿನ್ಸ್ ಮುಂತಾದವೂ ಇವೆ. 2023ರಲ್ಲಿ ಸಾರ್ವಜನಿಕವಾಗಿ ದೊರೆತ ಟೈಪ್‌ಸ್ಟ್ ಕೂಡ ಬೇಗ ಬೆಳೆಯುತ್ತಿದೆ. ಇನ್‌ಡಿಸೈನ್ ತರಹದ ಪುಟವಿನ್ಯಾಸ ತಂತ್ರಾಂಶ ಪತ್ರಿಕೆಗೆ, ಚಿತ್ರಪುಸ್ತಕಕ್ಕೆ ಒಪ್ಪುತ್ತದೆ. ಪ್ರತಿ ಬಿಡುಗಡೆಗೂ ಬದಲಾಗುವ ನಾನೂರು ಪುಟಗಳ ಕೈಪಿಡಿಯನ್ನು ಅದರಲ್ಲಿ ಕೈಯಿಂದ ಜೋಡಿಸುವುದು ನನ್ನ ಅಭಿಪ್ರಾಯದಲ್ಲಿ ದುಡಿಮೆಯ ದುಂದು.

ಯಾವುದನ್ನು ಆರಿಸಿದರೂ ಒಂದು ಪರೀಕ್ಷೆಯನ್ನು ಮೊದಲೇ ಮಾಡಿನೋಡಬೇಕು: ಕೋಡಿನ ಸಾಲು ಚೌಕಟ್ಟು ಮೀರಿದಾಗ ಉಪಕರಣ ಏನು ಮಾಡುತ್ತದೆ? ಲೇಟೆಕ್ ಅದನ್ನು ಅಂಚಿನಾಚೆಗೆ ಚಾಚಿಯೇ ಬಿಡುತ್ತದೆ, ಆದರೆ ದಾಖಲೆ ಕಡತದಲ್ಲಿ ಓವರ್‌ಫುಲ್ ಎಚ್‌ಬಾಕ್ಸ್ ಎಂಬ ಎಚ್ಚರಿಕೆಯನ್ನು, ಎಷ್ಟು ಪಾಯಿಂಟ್ ಹೆಚ್ಚಾಯಿತೆಂಬ ಅಂಕಿಯ ಸಮೇತ, ಬರೆದಿಡುತ್ತದೆ. ಎಚ್‌ಟಿಎಂಎಲ್ ಮೂಲಕ ಹೋಗುವ ದಾರಿಯಲ್ಲಿ ಸಾಲು ಸದ್ದಿಲ್ಲದೆ ಕತ್ತರಿಸಿಹೋಗಬಹುದು ಅಥವಾ ಮಡಚಿಕೊಳ್ಳಬಹುದು. ಎಚ್ಚರಿಕೆ ಕೊಡದ ಉಪಕರಣವನ್ನು ಬಳಸುವುದಾದರೆ ಮೂಲ ಕಡತಗಳಲ್ಲಿನ ಕೋಡ್ ಸಾಲುಗಳ ಉದ್ದವನ್ನು ಎಣಿಸಿ, ಮಿತಿ ಮೀರಿದವನ್ನು ಎತ್ತಿ ತೋರಿಸುವ ಪುಟ್ಟ ಸ್ಕ್ರಿಪ್ಟನ್ನು ತಾವೇ ಬರೆದಿಟ್ಟುಕೊಳ್ಳಬೇಕು. ಹತ್ತು ಸಾಲಿನ ಕೆಲಸ, ಪುಸ್ತಕವನ್ನು ಉಳಿಸುತ್ತದೆ.

ಮಿತಿ ಮೀರಿದ ಸಾಲನ್ನು ಎಲ್ಲಿ ಮುರಿಯಬೇಕೆಂಬುದನ್ನು ಕೋಡ್ ಬಲ್ಲವರು ನಿರ್ಧರಿಸಬೇಕು. ಪೈಥಾನಿನಲ್ಲಿ ಆವರಣದ ಒಳಗೆ ಮುರಿದರೆ ಅರ್ಥ ಕೆಡುವುದಿಲ್ಲ; ಶೆಲ್‌ನಲ್ಲಿ ಸಾಲಿನ ಕೊನೆಗೆ ಹಿಂದಕ್ಕೆ ವಾಲಿದ ಗೆರೆಯೊಂದನ್ನು ಇಟ್ಟರೆ ಆಜ್ಞೆ ಮುಂದಿನ ಸಾಲಿಗೂ ಹರಿಯುತ್ತದೆ. ಜೋಡಣೆಯ ತಂತ್ರಾಂಶ ತಾನಾಗಿಯೇ ಮುರಿದು ಅಲ್ಲೊಂದು ಬಾಗಿದ ಬಾಣದ ಗುರುತನ್ನು ಇಡುವ ಸೌಲಭ್ಯವೂ ಇದೆ. ಆದರೆ ಆ ಬಾಣ ಕೋಡಿನ ಭಾಗವಲ್ಲ ಎಂದು ಮುನ್ನುಡಿಯಲ್ಲಿ ಹೇಳಿದ್ದನ್ನು, ಮುನ್ನೂರನೆಯ ಪುಟದಲ್ಲಿ ಪುಸ್ತಕ ತೆರೆದ ಓದುಗರು ಓದಿರುತ್ತಾರೆಂಬ ಭರವಸೆ ಇಲ್ಲ. ದೋಷಸಂದೇಶ, ದಾಖಲೆಯ ಸಾಲು ಮುಂತಾಗಿ ಯಂತ್ರವೇ ಹೊರಡಿಸಿದ ಪಠ್ಯವನ್ನು ಮರುರೂಪಿಸಲು ಬರುವುದಿಲ್ಲವಾದ್ದರಿಂದ, ಅಂಥ ಕಡೆ ಮಾತ್ರ ಬಾಣಕ್ಕೆ ಅಥವಾ ಮೂರು ಚುಕ್ಕೆಗಳಿಗೆ ಶರಣಾಗುವುದು ಅನಿವಾರ್ಯ.

ಸದ್ದಿಲ್ಲದೆ ಬದಲಾಗುವ ಅಕ್ಷರಗಳು

ಸಾಲು ಅಂಚನ್ನು ಮೀರಿದರೆ ಕಣ್ಣಿಗಾದರೂ ಕಾಣುತ್ತದೆ. ಒಂದು ಅಕ್ಷರ ಇನ್ನೊಂದಾಗಿ ಬದಲಾದದ್ದು ಕಾಣುವುದೇ ಇಲ್ಲ. ಟೆಕ್ ಮತ್ತು ಅದರ ಬಳಗದ ಉಪಕರಣಗಳು ಗದ್ಯದಲ್ಲಿ ಎರಡು ಕಿರುಗೆರೆಗಳನ್ನು ಅಕ್ಕಪಕ್ಕ ಕಂಡರೆ ಅವನ್ನು ಕೂಡಿಸಿ ಒಂದು ಉದ್ದ ಗೆರೆಯನ್ನಾಗಿ ಮಾಡುತ್ತವೆ. ಮುದ್ರಣದ ಶಿಷ್ಟಾಚಾರ ಅದು. ಆದರೆ ಆಜ್ಞೆಗಳಿಗೆ ಜೋಡಿಸುವ ಹಲವು ಆಯ್ಕೆಗಳು ಶುರುವಾಗುವುದೇ -- ಎಂಬ ಜೋಡಿಯಿಂದ. ವಾಕ್ಯದ ನಡುವೆ ಸಹಾಯದ ಆಯ್ಕೆಯನ್ನು ಹೆಸರಿಸುವಾಗ ಅದನ್ನು ಕೋಡ್ ಎಂದು ಗುರುತು ಮಾಡಲು ಮರೆತರೆ ಅಚ್ಚಿನಲ್ಲಿ ಒಂದೇ ಗೆರೆ ಮೂಡುತ್ತದೆ, ಓದುಗರು ಒಂದೇ ಗೆರೆಯನ್ನು ಒತ್ತುತ್ತಾರೆ, ಯಂತ್ರ ನಿರಾಕರಿಸುತ್ತದೆ. ಉದ್ಧರಣ ಚಿಹ್ನೆಗಳದೂ ಇದೇ ಪಾಡು. ನೆಟ್ಟಗಿನ ' ಚಿಹ್ನೆಯನ್ನು ಬಾಗಿದ ’ ಆಗಿಸುವುದು ಗದ್ಯಕ್ಕೆ ಶೋಭೆ, ಕೋಡಿಗೆ ದೋಷ. ಲೇಟೆಕ್‌ನಲ್ಲಿ ಕೋಡೆಂದು ಗುರುತಿಸಿದ ಭಾಗದಲ್ಲೂ ನೆಟ್ಟಗಿನ ಚಿಹ್ನೆ ಬಾಗಿ ಬರುವುದು ಮೂಲ ವರ್ತನೆಯಾದ್ದರಿಂದ, ಅದನ್ನು ತಡೆಯುವ ಅಪ್‌ಕೋಟ್ ಎಂಬ ಪೊಟ್ಟಣವನ್ನು (ಹೆಚ್ಚುವರಿ ಸೌಲಭ್ಯದ ಕಡತವನ್ನು) ಸೇರಿಸಿಕೊಳ್ಳುವುದು ವಾಡಿಕೆ.

ಜಾಲವಿಳಾಸಗಳನ್ನು ಮುರಿಯುವಾಗಲೂ ಜಾಗ್ರತೆ ಬೇಕು. ಸಾಲಿನ ಕೊನೆಯಲ್ಲಿ ಪದ ಮುರಿದ ಗುರುತಿಗೆ ಇಡುವ ಕಿರುಗೆರೆ ವಿಳಾಸದ ಒಳಗೆ ಸೇರಿಕೊಂಡರೆ ವಿಳಾಸವೇ ಬೇರೆಯಾಗುತ್ತದೆ. ಆದ್ದರಿಂದ ಓರೆಗೆರೆ, ಚುಕ್ಕೆಗಳ ಬಳಿ ಮಾತ್ರ, ಅದೂ ಕಿರುಗೆರೆಯಿಲ್ಲದೆ, ಮುರಿಯುವಂತೆ ಉಪಕರಣಕ್ಕೆ ಹೇಳಿರಬೇಕು. ಇನ್ನು ಕೆಲವು ಸಂಗತಿಗಳನ್ನು ಕಾಗದ ತೋರಿಸಲಾರದು. ತಂತ್ರಾಂಶ ಕಟ್ಟುವ ಸೂಚನೆಗಳನ್ನು ಬರೆದಿಡುವ ಮೇಕ್‌ಫೈಲ್‌ನ ಆಜ್ಞಾ ಸಾಲುಗಳು ಟ್ಯಾಬ್ ಅಕ್ಷರದಿಂದಲೇ ಶುರುವಾಗಬೇಕು, ಎಂಟು ಖಾಲಿ ಜಾಗಗಳನ್ನು ಬಿಟ್ಟರೆ ನಡೆಯುವುದಿಲ್ಲ. ಅಚ್ಚಿನಲ್ಲಾದರೋ ಎರಡೂ ಬಿಳಿಯೇ. ಇದನ್ನು ಫಾಂಟಾಗಲಿ ಪೊಟ್ಟಣವಾಗಲಿ ಬಗೆಹರಿಸುವುದಿಲ್ಲ, ಲೇಖಕರು ಅಲ್ಲೇ ಪಕ್ಕದಲ್ಲಿ ಒಂದು ವಾಕ್ಯ ಬರೆಯಬೇಕು.

ಕೈಪಿಡಿ ಕನ್ನಡದಲ್ಲಿದ್ದರೆ ಇನ್ನಷ್ಟು ತೊಡಕುಗಳು ಸೇರಿಕೊಳ್ಳುತ್ತವೆ. ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಲು ಯುನಿಕೋಡ್ ಮತ್ತು ಓಪನ್‌ಟೈಪ್ ಫಾಂಟುಗಳನ್ನು ಬಲ್ಲ ಯಂತ್ರ ಬೇಕು. ಹಳೆಯ ಪಿಡಿಎಫ್‌ಟೆಕ್ ಆ ಕೆಲಸಕ್ಕೆ ಬಾರದು, ಟೆಕ್ ಬಳಗದ ಹೊಸ ರೂಪಗಳಾದ ಝೀಟೆಕ್ ಅಥವಾ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಸೇರಿಸಿದ ಲುವಾಟೆಕ್ ಬೇಕು. ಸಾಲಿನ ಕೆಳಗೆ ಇಳಿಯುವ ಒತ್ತುಗಳಿಗೂ ಮೇಲೇರುವ ಗುಣಿತ ಚಿಹ್ನೆಗಳಿಗೂ ಎಡೆಯಿರಬೇಕಾದ್ದರಿಂದ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಪಠ್ಯಕ್ಕಿಂತ ಹೆಚ್ಚಾಗಿಯೇ ಕೊಡಬೇಕಾಗುತ್ತದೆ. ಕನ್ನಡದ ಅಕ್ಷರಗಳು ಸಮಾನ ಅಗಲದ ಚೌಕಟ್ಟಿಗೆ ಒಗ್ಗುವುದಿಲ್ಲ. ಹಾಗಾಗಿ ಕೋಡಿನೊಳಗೆ ಕನ್ನಡದಲ್ಲಿ ಟಿಪ್ಪಣಿ ಬರೆದರೆ ಆ ಸಾಲಿನಲ್ಲಿ ಅದರ ಬಲಕ್ಕೆ ಬರುವುದೆಲ್ಲ ಕಂಬಸಾಲು ತಪ್ಪುತ್ತದೆ. ಟಿಪ್ಪಣಿಯನ್ನು ಪ್ರತ್ಯೇಕ ಸಾಲಿನಲ್ಲಿ ಇಡುವುದು ಸುಲಭದ ಪರಿಹಾರ. ವಿಭಕ್ತಿ ಪ್ರತ್ಯಯದ ತಕರಾರು ಇದಕ್ಕಿಂತ ಸೂಕ್ಷ್ಮವಾದದ್ದು. ಗ್ರೆಪ್ ಎಂಬುದು ಕಡತಗಳಲ್ಲಿ ಪಠ್ಯವನ್ನು ಹುಡುಕುವ ಆಜ್ಞೆ. ಗ್ರೆಪ್‌ನಿಂದ ಹುಡುಕಿ ಎಂದು ಬರೆಯುವಾಗ ಆಜ್ಞೆ ಎಲ್ಲಿ ಮುಗಿಯಿತು, ಪ್ರತ್ಯಯ ಎಲ್ಲಿ ಶುರುವಾಯಿತು ಎಂಬುದನ್ನು ಫಾಂಟಿನ ವ್ಯತ್ಯಾಸವೊಂದೇ ತೋರಿಸಬೇಕು. ಆಜ್ಞೆಯ ಹೆಸರಿನ ಮುಂದೆ ಆಜ್ಞೆ ಎಂಬ ಪದವನ್ನೇ ಸೇರಿಸಿ ಪ್ರತ್ಯಯವನ್ನು ಅದಕ್ಕೆ ಹಚ್ಚುವುದು, ಅಂದರೆ ಗ್ರೆಪ್ ಆಜ್ಞೆಯಿಂದ ಎನ್ನುವುದು, ತುಸು ಉದ್ದವಾದರೂ ನಿಸ್ಸಂದಿಗ್ಧ.

ಅಚ್ಚಾದ ಕೋಡ್ ಓಡಲೇಬೇಕು

ಸಿ ಭಾಷೆಯ ಆ ಪುಸ್ತಕದ ಪದ್ಧತಿಗೆ ಈಗ ಬರೋಣ. ಲೇಖಕರು ಕೋಡನ್ನು ಅದನ್ನು ಬರೆದ ತಂತ್ರಾಂಶದಿಂದ ನಕಲು ಮಾಡಿ ಹಸ್ತಪ್ರತಿಗೆ ಅಂಟಿಸಿದರೆ ಆ ಗಳಿಗೆಯಿಂದಲೇ ಎರಡು ಪ್ರತಿಗಳು ಹುಟ್ಟುತ್ತವೆ. ಒಂದನ್ನು ತಿದ್ದಿದಾಗ ಇನ್ನೊಂದು ಹಳತಾಗಿ ಉಳಿಯುತ್ತದೆ. ಪ್ರತಿ ಉದಾಹರಣೆಯನ್ನೂ ಸ್ವತಂತ್ರ ಕಡತವಾಗಿ ಇಟ್ಟು, ಪುಸ್ತಕದ ಮೂಲದಲ್ಲಿ ಆ ಕಡತದ ಇಂತಿಂಥ ಭಾಗವನ್ನು ಇಲ್ಲಿ ಸೇರಿಸು ಎಂಬ ಸೂಚನೆಯನ್ನು ಮಾತ್ರ ಬರೆಯುವುದು ಸರಿಯಾದ ಕ್ರಮ. ಸ್ಫಿಂಕ್ಸ್, ಆಸ್ಕಿಡಾಕ್, ಲೇಟೆಕ್ ಮೂರರಲ್ಲೂ ಇದಕ್ಕೆ ಸೌಲಭ್ಯವಿದೆ. ಸಾಲಿನ ಸಂಖ್ಯೆ ಕೊಟ್ಟು ಭಾಗವನ್ನು ಆರಿಸುವುದಕ್ಕಿಂತ ಕಡತದೊಳಗೆ ಆರಂಭ ಮತ್ತು ಅಂತ್ಯದ ಗುರುತುಗಳನ್ನು ಇಟ್ಟು ಆರಿಸುವುದು ಕ್ಷೇಮ, ಏಕೆಂದರೆ ಮೇಲೊಂದು ಸಾಲು ಸೇರಿದರೂ ಸಂಖ್ಯೆಗಳೆಲ್ಲ ಜರುಗುತ್ತವೆ, ಗುರುತುಗಳು ಜರುಗುವುದಿಲ್ಲ. ಹೀಗೆ ಮಾಡಿದರೆ ಪಿಡಿಎಫ್ ಕಟ್ಟುವ ಮೊದಲು ಉದಾಹರಣೆಗಳನ್ನೆಲ್ಲ ಯಂತ್ರವೇ ಓಡಿಸಿ ನೋಡಬಹುದು. ಒಂದು ಸೋತರೂ ಪುಸ್ತಕ ಕಟ್ಟುವುದು ನಿಲ್ಲುವಂತೆ ಏರ್ಪಡಿಸಬಹುದು. ಸಾಲಿನ ಉದ್ದದ ಪರೀಕ್ಷೆಯನ್ನೂ ಅಲ್ಲಿಯೇ ಸೇರಿಸಿದರೆ ಅಗಲದ ಚಿಂತೆಯೂ ತೀರುತ್ತದೆ.

ಪುಟಸಂಖ್ಯೆ, ಚಿತ್ರ, ಬಣ್ಣ

ಜಾಲತಾಣಕ್ಕಾಗಿ ಬರೆದ ಪಠ್ಯದಲ್ಲಿ ಇಲ್ಲಿ ಒತ್ತಿ, ಮೇಲಿನ ಚಿತ್ರ ನೋಡಿ ಎಂಬ ಮಾತುಗಳು ತುಂಬಿರುತ್ತವೆ. ಕಾಗದದ ಮೇಲೆ ಒತ್ತಲು ಏನೂ ಇಲ್ಲ. ಚಿತ್ರವಾದರೋ ಪುಟದಲ್ಲಿ ಜಾಗ ಸಾಲದೆ ಮುಂದಿನ ಪುಟಕ್ಕೆ ತೇಲಿಹೋಗಿರಬಹುದು. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಸಂಖ್ಯೆಯನ್ನೂ ಪುಟವನ್ನೂ ಉಪಕರಣವೇ ತುಂಬುವಂತೆ ಬರೆಯಬೇಕು. ಲೇಟೆಕ್ ಇದಕ್ಕಾಗಿ ಪುಸ್ತಕವನ್ನು ಒಂದಕ್ಕಿಂತ ಹೆಚ್ಚು ಸಲ ಜೋಡಿಸುತ್ತದೆ: ಮೊದಲ ಸುತ್ತಿನಲ್ಲಿ ಯಾವುದು ಎಲ್ಲಿ ಬಿತ್ತೆಂದು ಸಹಾಯಕ ಕಡತದಲ್ಲಿ ಬರೆದುಕೊಳ್ಳುತ್ತದೆ, ಮುಂದಿನ ಸುತ್ತಿನಲ್ಲಿ ಅದನ್ನು ಓದಿ ತುಂಬುತ್ತದೆ. ಎರಡು ಪ್ರಶ್ನಾರ್ಥಕ ಚಿಹ್ನೆಗಳು ಎಲ್ಲಾದರೂ ಉಳಿದಿದ್ದರೆ ಕೊಂಡಿ ತಪ್ಪಿದೆ ಎಂದರ್ಥ. ಬಲು ಅಪರೂಪಕ್ಕೆ ಪುಟ 99 ಎಂಬುದು 100 ಆದಾಗ ಸೇರಿದ ಒಂದು ಅಂಕಿಯಿಂದ ಸಾಲು ಜರುಗಿ, ಅದರಿಂದ ಪುಟ ಜರುಗಿ, ಉಲ್ಲೇಖ ಮತ್ತೆ 99ಕ್ಕೆ ಮರಳಿ, ಸುತ್ತು ಎಂದೂ ಮುಗಿಯದೆ ಹೋಗುವುದುಂಟು. ಆಗ ವಾಕ್ಯವನ್ನು ಸ್ವಲ್ಪ ಬದಲಿಸಿ ಬರೆಯುವುದೊಂದೇ ದಾರಿ.

ಪದಸೂಚಿಯನ್ನು ಯಂತ್ರಕ್ಕೆ ಪೂರ್ತಿ ಒಪ್ಪಿಸಬಾರದು. ಪದ ಬಂದ ಕಡೆಯೆಲ್ಲ ಪುಟಸಂಖ್ಯೆ ಹಾಕಿದರೆ ಕಡತ ಎಂಬುದರ ಮುಂದೆ ನೂರು ಸಂಖ್ಯೆಗಳು ನಿಲ್ಲುತ್ತವೆ, ಓದುಗರಿಗೆ ಬೇಕಾದದ್ದು ವಿವರಣೆ ಇರುವ ಒಂದು ಪುಟ. ವಿಷಯ ಬಲ್ಲವರು ಮೂಲದಲ್ಲಿಯೇ ಗುರುತು ಹಾಕುತ್ತ ಹೋಗಬೇಕು. ಯಂತ್ರ ಅವನ್ನು ಒಟ್ಟುಗೂಡಿಸಿ ವಿಂಗಡಿಸಿದರೆ ಸಾಕು. ವಿಂಗಡಣೆಯನ್ನೂ ಕನ್ನಡದಲ್ಲಿ ಕಣ್ಣಿಟ್ಟು ನೋಡಬೇಕಾಗುತ್ತದೆ: ಯುನಿಕೋಡ್ ಸಂಖ್ಯೆಗಳ ಕ್ರಮದಲ್ಲಿ ಅನುಸ್ವಾರ ಎಲ್ಲ ಅಕ್ಷರಗಳಿಗಿಂತ ಮೊದಲು ಬರುತ್ತದೆ, ಒತ್ತಕ್ಷರವನ್ನು ಕೂಡಿಸುವ ಹಲಂತ ಚಿಹ್ನೆ ಗುಣಿತಗಳ ನಂತರ ಬರುತ್ತದೆ, ಈ ಕ್ರಮ ನಿಘಂಟಿನ ಕ್ರಮಕ್ಕೆ ಯಾವಾಗಲೂ ಹೊಂದುವುದಿಲ್ಲ.

ಸ್ಕ್ರೀನ್‌ಶಾಟ್‌ಗಳ ವಿಷಯದಲ್ಲಿ ಅಚ್ಚಿನವರು ಮೊದಲು ಕೇಳುವುದು ಇಂಚಿಗೆ 300 ಬಿಂದುಗಳಿವೆಯೇ ಎಂದು. ಆದರೆ ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಲದು. 1920 ಬಿಂದುಗಳ ಅಗಲದ ಇಡೀ ತೆರೆಯನ್ನು 5 ಇಂಚಿಗೆ ಇಳಿಸಿದರೆ ಇಂಚಿಗೆ 384 ಬಿಂದುಗಳು ಸಿಗುತ್ತವೆ, ನಿಯಮದ ಪ್ರಕಾರ ಚಿತ್ರ ಉತ್ತೀರ್ಣ. ಅದರಲ್ಲಿ 16 ಬಿಂದು ಎತ್ತರದ ಅಕ್ಷರ ಕಾಗದದ ಮೇಲೆ ಎಷ್ಟಾಯಿತು ನೋಡಿ: 16 ಭಾಗಿಸು 384, ಅಂದರೆ ಒಂದು ಇಂಚಿನ ಇಪ್ಪತ್ತನಾಲ್ಕನೆಯ ಒಂದು ಭಾಗ, ಬರಿಯ 3 ಪಾಯಿಂಟ್. ಚಿತ್ರ ಸ್ಫುಟವಾಗಿಯೇ ಇರುತ್ತದೆ, ಓದಲು ಮಾತ್ರ ಬರುವುದಿಲ್ಲ. ಚರ್ಚೆಗೆ ಬೇಕಾದ ಕಿಟಕಿಯನ್ನಷ್ಟೇ ಕತ್ತರಿಸಿ ಇಡುವುದು, ತೆಗೆಯುವ ಮೊದಲೇ ಕಿಟಕಿಯನ್ನು ಕಿರಿದಾಗಿಸಿ ಅದರೊಳಗಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳುವುದು ಇದಕ್ಕೆ ಪರಿಹಾರ. ಚಿತ್ರವನ್ನು ಜೆಪೆಗ್ ಮಾಡಿದರೆ ಅಕ್ಷರಗಳ ಸುತ್ತ ಮಬ್ಬು ಕಟ್ಟುತ್ತದೆ, ಪಿಎನ್‌ಜಿ ಇರಲಿ. ಕಪ್ಪು ಹಿನ್ನೆಲೆಯ ತೆರೆಗಳು ಕಾಗದದ ಮೇಲೆ ದೊಡ್ಡ ಶಾಯಿಯ ಕಲೆಗಳಾಗಿ, ಹಿಂಬದಿಯ ಪುಟಕ್ಕೂ ಇಣುಕುತ್ತವೆ. ಬಿಳಿ ಹಿನ್ನೆಲೆಗೆ ಬದಲಿಸಿಕೊಂಡೇ ತೆಗೆಯಬೇಕು.

ಕೋಡಿಗೆ ಬಣ್ಣ ಹಚ್ಚುವ ರೂಢಿಯೂ ಒಂದೇ ಬಣ್ಣದ ಅಚ್ಚಿನಲ್ಲಿ ತಿರುಗುಬಾಣವಾಗುತ್ತದೆ. ಕೆಂಪೂ ಹಸಿರೂ ಬೂದು ಬಣ್ಣಕ್ಕೆ ಇಳಿದಾಗ ಒಂದೇ ಆಗಿಬಿಡಬಹುದು, ತಿಳಿ ಬಣ್ಣದ ಟಿಪ್ಪಣಿಗಳು ಸಣ್ಣ ಚುಕ್ಕೆಗಳಾಗಿ ಒಡೆದು ಮಸುಕಾಗುತ್ತವೆ. ಮುಖ್ಯ ಪದಗಳನ್ನು ದಪ್ಪಕ್ಷರದಲ್ಲಿ, ಟಿಪ್ಪಣಿಗಳನ್ನು ಓರೆಯಕ್ಷರದಲ್ಲಿ, ಎರಡನ್ನೂ ಅಚ್ಚ ಕಪ್ಪಿನಲ್ಲಿ ಇಟ್ಟರೆ ಸಾಕು.

ಮುದ್ರಣಾಲಯಕ್ಕೆ ಹೋಗುವ ಕಡತ

ಪಿಡಿಎಫ್ ಎಂದ ಮಾತ್ರಕ್ಕೆ ಎಲ್ಲವೂ ಅಚ್ಚಿಗೆ ಯೋಗ್ಯವಲ್ಲ. ಮುದ್ರಣಕ್ಕಾಗಿಯೇ ರೂಪಿಸಿದ ಪಿಡಿಎಫ್/ಎಕ್ಸ್ ಎಂಬ ಐಎಸ್‌ಒ ಮಾನಕಗಳಿವೆ. ಅವುಗಳಲ್ಲಿ ಎಕ್ಸ್-1ಎ ಹಳೆಯದು ಮತ್ತು ಕಟ್ಟುನಿಟ್ಟಾದದ್ದು, ಎಕ್ಸ್-4 ಪಾರದರ್ಶಕತೆಯನ್ನೂ ಒಪ್ಪುತ್ತದೆ. ಎರಡರಲ್ಲೂ ಫಾಂಟುಗಳೆಲ್ಲ ಕಡತದೊಳಗೇ ಸೇರಿರಬೇಕು. ಚಿತ್ರಗಳನ್ನು ಎಸ್‌ವಿಜಿಯಿಂದಲೋ ಬೇರೆ ತಂತ್ರಾಂಶದಿಂದಲೋ ತಂದಾಗ ಅವುಗಳೊಳಗಿನ ಫಾಂಟು ಬಿಟ್ಟುಹೋಗುವುದು ಸಾಮಾನ್ಯವಾದ್ದರಿಂದ ಕಡತದ ಫಾಂಟ್ ಪಟ್ಟಿಯನ್ನು ತೆಗೆದು ನೋಡುವುದು ಅಗತ್ಯ. ತೆರೆಯ ಮೇಲಿನ ಕಪ್ಪು ಬಣ್ಣವು ಕೆಂಪು, ಹಸಿರು, ನೀಲಿಗಳ ಲೆಕ್ಕದ್ದು. ಅದು ಹಾಗೆಯೇ ಅಚ್ಚಿಗೆ ಹೋದರೆ ನಾಲ್ಕು ಶಾಯಿಗಳ ಮಿಶ್ರಣವಾಗಿ ಮಾರ್ಪಡಬಹುದು, ಆಗ ಅಚ್ಚಿನ ತಟ್ಟೆಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರಗಳಿಗೆ ಬಣ್ಣದ ನೆರಳು ಮೂಡುತ್ತದೆ. ಒಳಪುಟದ ಅಕ್ಷರಗಳೆಲ್ಲ ಕಪ್ಪು ಶಾಯಿಯೊಂದರಲ್ಲೇ ಇರಬೇಕು. ಅಂಚಿನವರೆಗೆ ಬಣ್ಣ ಹೋಗುವ ಕಡೆ, ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ, ಸಾಮಾನ್ಯವಾಗಿ 3 ಮಿಲಿಮೀಟರ್ ಹೆಚ್ಚುವರಿ ಬ್ಲೀಡ್ ಬಿಡುತ್ತಾರೆ.

ಆಫ್‌ಸೆಟ್ ಮುದ್ರಣದಲ್ಲಿ ದೊಡ್ಡ ಹಾಳೆಯನ್ನು ಅಚ್ಚು ಮಾಡಿ ಮಡಚುವುದರಿಂದ ಪುಟಗಳು ಫಾರಂಗಳ ಲೆಕ್ಕದಲ್ಲಿ, ಹೆಚ್ಚಾಗಿ ಹದಿನಾರರ ಗುಣಕದಲ್ಲಿ ಬರುತ್ತವೆ. ಪುಸ್ತಕ 389 ಪುಟಗಳಿಗೆ ನಿಂತಿದ್ದರೆ ಅಚ್ಚಾಗುವುದು 400, ಹನ್ನೊಂದು ಪುಟ ಖಾಲಿ. ಐದು ಪುಟಗಳನ್ನು ಬಿಗಿಗೊಳಿಸಿದರೆ 384ಕ್ಕೆ, ಒಂದು ಫಾರಂ ಕಡಿಮೆಯಲ್ಲಿ, ಮುಗಿಯುತ್ತದೆ. ಬೆನ್ನಿನ ದಪ್ಪವೂ ಇದರಿಂದಲೇ ಸಿಗುವ ಲೆಕ್ಕ: ಹಾಳೆ 0.1 ಮಿಲಿಮೀಟರ್ ದಪ್ಪವಿದ್ದರೆ 400 ಪುಟ, ಅಂದರೆ 200 ಹಾಳೆ, 20 ಮಿಲಿಮೀಟರ್. ಪುಟಸಂಖ್ಯೆ ಖಚಿತವಾಗುವ ಮೊದಲು ರಕ್ಷಾಪುಟವನ್ನು ಅಂತಿಮಗೊಳಿಸಬಾರದು ಎಂಬುದಕ್ಕೆ ಇದೇ ಕಾರಣ. ದಪ್ಪ ಪುಸ್ತಕವನ್ನು ಅಂಟಿನಿಂದ ಬೈಂಡ್ ಮಾಡಿದರೆ ಅದು ಮೇಜಿನ ಮೇಲೆ ತಾನಾಗಿ ತೆರೆದು ಕೂರುವುದಿಲ್ಲ. ಎರಡೂ ಕೈ ಕೀಲಿಮಣೆಯ ಮೇಲಿರುವ ಓದುಗರಿಗೆ ಹೊಲಿಗೆಯ ಬೈಂಡಿಂಗ್ ಅನುಕೂಲ.

ಕೊನೆಯ ಹಂತದಲ್ಲಿ ಕರಡನ್ನು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಅಚ್ಚು ಹಾಕಿ ನೋಡಲೇಬೇಕು. ಒಬ್ಬರು ಭಾಷೆಯನ್ನು ತಿದ್ದಲಿ. ಪುಸ್ತಕವನ್ನು ಹಿಂದೆ ಓದದ ಇನ್ನೊಬ್ಬರು, ಬರಿಯ ಕಾಗದವನ್ನು ನೋಡಿಕೊಂಡು, ಒಂದೆರಡು ಅಧ್ಯಾಯಗಳ ಕೋಡನ್ನು ಕೈಯಾರೆ ಒತ್ತಿ ಓಡಿಸಲಿ. ಬಾಗಿದ ಉದ್ಧರಣ ಚಿಹ್ನೆಗಳೂ ಕೂಡಿಹೋದ ಕಿರುಗೆರೆಗಳೂ ಸಿಕ್ಕಿಬೀಳುವುದು ಈ ಎರಡನೆಯವರ ಕೈಯಲ್ಲಿ.

ಅಚ್ಚಿಗೆ ಕಳಿಸಿದ ದಿನ ಮೂಲಪಠ್ಯಕ್ಕೆ, ಬದಲಾವಣೆಗಳ ಇತಿಹಾಸವನ್ನು ಕಾಯ್ದಿಡುವ ಗಿಟ್‌ನಲ್ಲಿ ಒಂದು ಹೆಸರಿನ ಗುರುತನ್ನು ಇಟ್ಟು, ಅದರ ಜೊತೆಗೆ ಬಳಸಿದ ಫಾಂಟುಗಳ ಕಡತಗಳನ್ನೂ ಜೋಡಣೆಯ ಉಪಕರಣದ ಆವೃತ್ತಿಯನ್ನೂ ಕಾದಿರಿಸಬೇಕು. ವರ್ಷಕ್ಕೊಂದು ಆವೃತ್ತಿ ಹೊರಡಿಸುವ ಟೆಕ್ ಲೈವ್ ಸಂಗ್ರಹದಲ್ಲಿ ಪೊಟ್ಟಣಗಳು ಬದಲಾಗುತ್ತಿರುತ್ತವೆ; ಫಾಂಟಿನ ಹೊಸ ಆವೃತ್ತಿಯಲ್ಲಿ ಒಂದು ಅಕ್ಷರ ಕೂದಲೆಳೆಯಷ್ಟು ಅಗಲವಾದರೂ ಸಾಲುಗಳು ಬೇರೆಡೆ ಮುರಿಯುತ್ತವೆ, ಪುಟಗಳು ಜರುಗುತ್ತವೆ. ಮರುಮುದ್ರಣದಲ್ಲಿ ಮೂರು ತಪ್ಪುಗಳನ್ನಷ್ಟೇ ತಿದ್ದಬೇಕಿದ್ದಾಗ ಇಡೀ ಪುಸ್ತಕವನ್ನು ಮತ್ತೆ ಮೊದಲಿನಿಂದ ಪರಿಶೀಲಿಸುವ ಸ್ಥಿತಿ ಬರಬಾರದೆಂದಿದ್ದರೆ, ಹಳೆಯ ಉಪಕರಣದಿಂದ ಹಳೆಯ ಪಿಡಿಎಫ್ ಪುಟಪುಟವೂ ಹಾಗೆಯೇ ಹೊರಬರುತ್ತದೆಯೇ ಎಂಬುದನ್ನು ತಿದ್ದುಪಡಿಗೆ ಕೈ ಹಾಕುವ ಮೊದಲೇ ಕಟ್ಟಿ ನೋಡಿ, ಆಮೇಲೆ ಆ ಮೂರು ಸಾಲುಗಳನ್ನು ಮುಟ್ಟಬೇಕು.